ಹೆಸರು ಮಂಗನದು, ಕಡಿತ ಉಣುಗಿನದು

ಸಿದ್ದಾಪುರ, ಶಿರಸಿ ಕಡೆಯ ಅಡಿಕೆ ತೋಟಿಗರಿಗೆ ಚಳಿ ಬಿದ್ದು ಎಲೆ ಉದುರಿತೆಂದರೆ ಸೊಪ್ಪಿನ ಬೆಟ್ಟದಲ್ಲಿ ದರಕು, ಅಂದರೆ ಒಣಗಿದ ಎಲೆ, ಗುಡಿಸುವ ಕೆಲಸ. ಹೆಡಿಗೆ ತುಂಬಿ ತಂದು ಕೊಟ್ಟಿಗೆಗೆ ಹಾಸಿದರೆ ಮುಂದೆ ಅದೇ ತೋಟಕ್ಕೆ ಗೊಬ್ಬರ. ಮಂಗನ ಕಾಯಿಲೆಯ ವೈರಸ್ ಹೊತ್ತ ಉಣುಗಿನ ಮರಿ ಆ ಎಲೆಯಡಿ ಕಾದು ಕೂರುವುದೂ ಇದೇ ತಿಂಗಳುಗಳಲ್ಲಿ. ಮಂಗನ ಹೆಸರು ಅಂಟಿಕೊಂಡಿದ್ದರೂ ಈ ಕಾಯಿಲೆಯಲ್ಲಿ ದರಕು, ದನ, ಉಣುಗುಗಳ ಪಾಲೇ ದೊಡ್ಡದು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ವಿಪರೀತ ಜ್ವರ. ಸೊರಬವೆಂದರೆ ಸಿದ್ದಾಪುರ, ಶಿರಸಿಗಳ ಪಕ್ಕದ ತಾಲ್ಲೂಕೇ. ಮಂಗಗಳು ಸತ್ತದ್ದರಿಂದ ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತೇ ಎಂಬ ದಿಗಿಲು ಹುಟ್ಟಿತು. ವೈರಸ್ ತಜ್ಞ ಟೆಲ್ಫರ್ಡ್ ವರ್ಕ್ ಮತ್ತು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಸಂಗಡಿಗರು ಪರೀಕ್ಷಿಸಿದಾಗ ಸಿಕ್ಕಿದ್ದು ಹೊಸ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಅದು ಹತ್ತಿರದ ನೆಂಟ. ಹಾಗಾದರೆ ಸೈಬೀರಿಯದ ಹಕ್ಕಿಗಳು ತಂದವೇ? ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ನಡೆಯಿತು. ವಲಸೆಯ ಬಗ್ಗೆ ಬಹಳಷ್ಟು ತಿಳಿಯಿತು, ಹಕ್ಕಿಗಳ ಮೇಲಿನ ಆರೋಪ ಮಾತ್ರ ಸಾಬೀತಾಗಲಿಲ್ಲ.

ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಬೆಳೆದ ಉಣುಗು ಮಳೆಗಾಲದಲ್ಲಿ ದನದಂಥ ದೊಡ್ಡ ಪ್ರಾಣಿಯ ರಕ್ತ ಕುಡಿದು, ಕೆಳಗುದುರಿ ಎಲೆಗಳ ನಡುವೆ ಮೊಟ್ಟೆಯಿಡುತ್ತದೆ. ಮಳೆ ಮುಗಿಯುವ ಹೊತ್ತಿಗೆ ಬರುವ ಲಾರ್ವಾಗಳು ಇಲಿ, ಹಕ್ಕಿ, ಮಂಗಗಳಿಗೆ ಹತ್ತುತ್ತವೆ. ವೈರಸ್ ಸೇರಿದರೆ ಮುಂದಿನ ಹಂತವಾದ ನಿಂಫ್‌ನಲ್ಲೂ ಅದು ಉಳಿಯುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ನಿಂಫ್: ಎಳ್ಳುಕಾಳಿಗಿಂತ ಚಿಕ್ಕದು, ಕಾಲಿಗೆ ಹತ್ತಿದರೂ ದರಕಿನ ಧೂಳೆಂದೇ ಕಾಣುತ್ತದೆ. ದನಕ್ಕೆ ಈ ಕಾಯಿಲೆ ಬಾಧಿಸುವುದಿಲ್ಲ, ಆದರೆ ಉಣುಗಿನ ಸಂತಾನ ಬೆಳೆಯುವುದೇ ಅದರ ಮೈಮೇಲೆ. ಮುಸಿಯ, ಕೆಂಪು ಮಂಗಗಳು ಸತ್ತು ಮೈ ತಣ್ಣಗಾದಾಗ ಉಣುಗುಗಳು ಇಳಿದು ಅಲ್ಲೇ ಹರಡುತ್ತವೆ. ಅದಕ್ಕೇ ಶವದ ಸುತ್ತ 50 ಅಡಿ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಎರಚಿ, ಪರೀಕ್ಷೆಗೆ ಮಾದರಿ ತೆಗೆದ ಮೇಲೆ ಸುಡುವುದು. ಕಂಡವರು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಮಂಗ ಓಡಿಸಿದರೆ ಕಾಯಿಲೆಯೂ ಓಡುತ್ತದೆಂಬುದು ಪೊಳ್ಳು ಮಾತು.

ಮೊದಲು ಸೊರಬ, ಸಾಗರದ ಸುತ್ತಲೇ ಇದ್ದ ಕಾಯಿಲೆ 1970ರ ದಶಕದಲ್ಲಿ ಶಿರಸಿ, ಹೊನ್ನಾವರಗಳಿಗೂ ಬಂತು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ನಿಡ್ಲೆಯಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಿಗೇ ದೊಡ್ಡ ಹಾವಳಿ. 2012ರಲ್ಲಿ ಬಂಡೀಪುರ, ಆಮೇಲೆ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗ. 2019ರಲ್ಲಿ ಸಾಗರದ ಅರಳಗೋಡು, 2024ರಲ್ಲಿ ಸಿದ್ದಾಪುರ.

ಲಸಿಕೆಯ ಕತೆ ಬೇಸರದ್ದು. ತಿಂಗಳ ಅಂತರದಲ್ಲಿ 2 ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಮತ್ತೆ ವರ್ಷವರ್ಷವೂ ಚುಚ್ಚಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗ ನೋಯುತ್ತದೆಂದು ಹಲವರು ಎರಡನೇ ಡೋಸಿಗೇ ನಿಲ್ಲಿಸಿದರು. ರಕ್ಷಣೆಯೂ ಕಾಲ ಕಳೆದಂತೆ ಕುಗ್ಗಿದ್ದು ಅಧ್ಯಯನಗಳಲ್ಲಿ ಕಂಡಿತು. 2022ರಲ್ಲಿ ಆ ಲಸಿಕೆ ನಿಂತೇಹೋಯಿತು.

ಹಾಗಾಗಿ ಕೈಯಲ್ಲಿರುವುದು ಉಣುಗನ್ನು ದೂರವಿಡುವ ಡೇಪಾ ಎಣ್ಣೆ. ಬೆಟ್ಟಕ್ಕೆ ಹೊರಡುವ ಮುಂಚೆ ಕೈಕಾಲಿಗೆ ಸವರಬೇಕು. ಪಾದ ಮತ್ತು ಮೊಣಕಾಲ ಹಿಂಬದಿ ಬಿಟ್ಟುಹೋಗುವುದೇ ಹೆಚ್ಚು. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಹಚ್ಚಿ ಬಿಸಿನೀರ ಸ್ನಾನ. ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಸುಣ್ಣ ಬೇಡ, ಉಗುರಲ್ಲಿ ಹಿಸುಕುವುದೂ ಬೇಡ: ಚಿಮುಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಬೇಕು.

ಕಚ್ಚಿದ 3ರಿಂದ 8 ದಿನಕ್ಕೆ ಏಕಾಏಕಿ ಜ್ವರ, ತಲೆನೋವು, ಸೊಂಟ ಮುರಿದಂಥ ಮೈಕೈ ನೋವು. ಕೆಲವರಿಗೆ ವಸಡಿನಲ್ಲಿ ರಕ್ತ. ಕಾಯಿಲೆ ಬಂದವರಲ್ಲಿ 100ಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ನಿರ್ದಿಷ್ಟ ಔಷಧವಿಲ್ಲ, ನೀರಿನಂಶ ಮತ್ತು ಪ್ಲೇಟ್‌ಲೆಟ್ ಕಾಯ್ದುಕೊಳ್ಳುವುದೇ ಚಿಕಿತ್ಸೆ. ಮೈನೋವಿಗೆ ಮೆಡಿಕಲ್ ಅಂಗಡಿಯ ಆಸ್ಪಿರಿನ್, ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವ ಹೆಚ್ಚೀತು. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್‌ನಲ್ಲಿ ಸಿಗುವ ವೈರಸ್, ತಡವಾಗಿ ಹೋದರೆ ಅದರಲ್ಲಿ ಸಿಗದಿರಬಹುದು. ಆಗ ರಕ್ತದಲ್ಲಿ ವೈರಸ್ ವಿರುದ್ಧದ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ ಮಾಡಬೇಕು. ಜ್ವರ ಬಿಟ್ಟ ಮೇಲೂ ಎರಡು ವಾರ ಕಣ್ಣಿಟ್ಟಿರಬೇಕು, ಏಕೆಂದರೆ 10ರಲ್ಲಿ ಒಬ್ಬಿಬ್ಬರಿಗೆ ಜ್ವರ ಮರುಕಳಿಸುತ್ತದೆ. ಆಗ ತಲೆನೋವಿನ ಜೊತೆ ನಡುಕ, ಮಂಕು ಬಡಿದಂತಾಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.