ಪದ ಪರಿಚಯ: ಐಸ್ ಹಾಕಿಯ ಜನರಲ್ ಮ್ಯಾನೇಜರ್

ಪಂದ್ಯದ ಹೊತ್ತಿನಲ್ಲಿ ಬೆಂಚಿನ ಹಿಂದೆ ನಿಂತು ಯಾರನ್ನು ಯಾವಾಗ ಇಳಿಸಬೇಕೆಂದು ಹೇಳುವವರು ಕೋಚ್. ಆ ಬೆಂಚಿನ ಮೇಲೆ ಯಾರಿರಬೇಕು, ಎಷ್ಟು ವರ್ಷ, ಎಷ್ಟು ಸಂಬಳಕ್ಕೆ ಎಂಬುದನ್ನೆಲ್ಲ ತೀರ್ಮಾನಿಸುವವರು ಜನರಲ್ ಮ್ಯಾನೇಜರ್, ಅಂದರೆ ಜಿಎಂ. ಕೋಚ್‌ನನ್ನು ತರುವುದೂ ಕಳಿಸುವುದೂ ಅವರೇ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನ (ಎನ್‌ಎಚ್‌ಎಲ್) 32 ತಂಡಗಳಿಗೂ ಒಬ್ಬೊಬ್ಬ ಜಿಎಂ ಇದ್ದಾರೆ. ಐಪಿಎಲ್‌ನಲ್ಲಿ ಹರಾಜಿನ ಒಂದೆರಡು ದಿನ ನಡೆಯುವ ಲೆಕ್ಕಾಚಾರ ಇಲ್ಲಿ ವರ್ಷವಿಡೀ ನಡೆಯುತ್ತದೆ, ಅದೂ ಹರಾಜೇ ಇಲ್ಲದೆ.

ಹಳೆಯ ಆಟಗಾರರು ಈ ಕುರ್ಚಿಗೆ ಬರುವುದು ಮಾಮೂಲು. ಮಾಂಟ್ರಿಯಲ್ ಪರ ಆಡಿದ್ದ ಸರ್ಜ್ ಸವಾರ್ಡ್ ಅದೇ ತಂಡದ ಜಿಎಂ ಆಗಿ 1986 ಮತ್ತು 1993ರಲ್ಲಿ ಲೀಗ್‌ನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದರು. ಆದರೆ ಆಟಗಾರನ ಅನುಭವ ಈ ಕೆಲಸದಲ್ಲಿ ಎಲ್ಲಿಯವರೆಗೆ ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಲು ಸ್ಟೀವ್ ಐಸರ್ಮನ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

1983ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, 4ನೆಯವರಾಗಿ ಡೆಟ್ರಾಯಿಟ್ ರೆಡ್ ವಿಂಗ್ಸ್ ಸೇರಿದ ಐಸರ್ಮನ್ 21ನೇ ವಯಸ್ಸಿಗೆ ನಾಯಕರಾದರು. 2006ರಲ್ಲಿ ನಿವೃತ್ತರಾಗುವವರೆಗೆ ತಂಡವನ್ನೂ ಬಿಡಲಿಲ್ಲ, ನಾಯಕತ್ವವನ್ನೂ ಬಿಡಲಿಲ್ಲ. 1,514 ಪಂದ್ಯ, 692 ಗೋಲು, 3 ಸ್ಟ್ಯಾನ್ಲಿ ಕಪ್. ಒಂದೇ ಋತುವಿನಲ್ಲಿ 65 ಗೋಲು ಹೊಡೆದಿದ್ದವರು ಮುಂದೆ ರಕ್ಷಣೆಗೆ ಒತ್ತು ಕೊಡುವ ಆಟಕ್ಕೆ ಹೊರಳಿ, 2000ದಲ್ಲಿ ಅತ್ಯುತ್ತಮ ರಕ್ಷಣಾತ್ಮಕ ಫಾರ್ವರ್ಡ್‌ಗೆ ಸಲ್ಲುವ ಸೆಲ್ಕಿ ಪ್ರಶಸ್ತಿ ಪಡೆದರು. ನಿವೃತ್ತಿಯ ಬಳಿಕ ಸುಮಾರು 4 ವರ್ಷ ಅದೇ ತಂಡದ ಉಪಾಧ್ಯಕ್ಷ. 2010ರ ಮೇ ತಿಂಗಳಲ್ಲಿ ಟ್ಯಾಂಪಾ ಬೇ ಲೈಟ್ನಿಂಗ್‌ನ ಜಿಎಂ.

ಜಿಎಂ ಕೈಯಲ್ಲಿರುವ ಮೊದಲ ದಾರಿ ಡ್ರಾಫ್ಟ್. ವರ್ಷಕ್ಕೊಮ್ಮೆ, 7 ಸುತ್ತು, ಹೆಚ್ಚಿನವರು 18ರ ಹುಡುಗರು. ಹೀಗೆ ಆರಿಸಿದ ಹುಡುಗನ ಮೊದಲ ಒಪ್ಪಂದ ಸಾಮಾನ್ಯವಾಗಿ 3 ವರ್ಷದ್ದು, ಸಂಬಳಕ್ಕೆ ಮಿತಿಯೂ ಇದೆ. 27 ವರ್ಷ ತುಂಬುವವರೆಗೆ ಅಥವಾ ಲೀಗ್‌ನಲ್ಲಿ 7 ಋತು ಮುಗಿಸುವವರೆಗೆ ಅವನು ತನ್ನಿಷ್ಟದ ತಂಡಕ್ಕೆ ಮುಕ್ತವಾಗಿ ಹೋಗುವಂತಿಲ್ಲ. ಹಾಗಾಗಿ ಒಳ್ಳೆಯ ಡ್ರಾಫ್ಟ್ ಎಂದರೆ ಕಡಿಮೆ ಸಂಬಳದಲ್ಲಿ ಕೆಲವು ವರ್ಷ ಸಿಗುವ ದೊಡ್ಡ ಆಟ. ಮೊದಲ ಸುತ್ತಿನ ಹೆಸರುಗಳು ಎಲ್ಲರಿಗೂ ಗೊತ್ತಿರುತ್ತವೆ, ಜಿಎಂಗಳ ಬಂಡವಾಳ ಬಯಲಾಗುವುದು ಕೊನೆಯ ಸುತ್ತುಗಳಲ್ಲಿ. 1998ರಲ್ಲಿ 171ನೆಯವರಾಗಿ ಡಟ್ಸ್ಯುಕ್, 1999ರಲ್ಲಿ 210ನೆಯವರಾಗಿ ಜೆಟ್ಟರ್‌ಬರ್ಗ್ ಡೆಟ್ರಾಯಿಟ್‌ಗೆ ಸಿಕ್ಕಿದ್ದರು. ಇಬ್ಬರೂ ಐಸರ್ಮನ್‌ರ ಸಹ ಆಟಗಾರರಾದರು, ಮುಂದೆ ತಾರೆಗಳೂ ಆದರು. ಆ ಪಾಠ ಟ್ಯಾಂಪಾದಲ್ಲಿ ಫಲ ಕೊಟ್ಟಿತು. ಆಯ್ಕೆಗಾರರ ಮುಖ್ಯಸ್ಥ ಆಲ್ ಮರ್ರಿ ಜೊತೆಗೂಡಿ 2011ರಲ್ಲಿ 58ನೆಯವನಾಗಿ ನಿಕಿತಾ ಕುಚೆರೊವ್‌ನನ್ನು, 208ನೆಯವನಾಗಿ ಒಂಡ್ರೆಯ್ ಪಲಾಟ್‌ನನ್ನು ಆರಿಸಿದರು. ಯಾರೂ ಡ್ರಾಫ್ಟ್ ಮಾಡದ ಟೈಲರ್ ಜಾನ್ಸನ್‌ಗೆ ನೇರ ಒಪ್ಪಂದ ಕೊಟ್ಟರು. ಮೂವರನ್ನೂ ಅವಸರದಲ್ಲಿ ದೊಡ್ಡ ಲೀಗ್‌ಗೆ ತಳ್ಳದೆ ಕೆಳಗಿನ ಅಮೆರಿಕನ್ ಹಾಕಿ ಲೀಗ್‌ನಲ್ಲಿ ಆಡಿಸಿದರು. ಅಲ್ಲಿ ಕೋಚ್ ಆಗಿದ್ದ ಜಾನ್ ಕೂಪರ್‌ರನ್ನೂ 2013ರಲ್ಲಿ ಮೇಲಕ್ಕೆ ತಂದರು. 2015ರಲ್ಲಿ ತಂಡ ಫೈನಲ್ ತಲುಪಿದಾಗ ಈ ಮೂವರದೇ ಮುಖ್ಯ ದಾಳಿ ಸಾಲು.

ಎರಡನೆಯದು ಸಂಬಳದ ಮಿತಿ, ಅಂದರೆ ಸ್ಯಾಲರಿ ಕ್ಯಾಪ್. ಕೆಲಸದ ನಿಜವಾದ ಕಷ್ಟ ಇದರಲ್ಲಿದೆ. 2005-06ರಲ್ಲಿ ತಂಡಕ್ಕೆ 3.9 ಕೋಟಿ ಡಾಲರ್ ಇದ್ದ ಮಿತಿ 2025-26ಕ್ಕೆ 9.55 ಕೋಟಿಗೆ ಏರಿದೆ. ಮಾಲೀಕ ಎಷ್ಟೇ ಸಿರಿವಂತನಾಗಿದ್ದರೂ ದಂಡ ಕಟ್ಟಿ ದಾಟುವ ಅವಕಾಶವಿಲ್ಲ. ಒಬ್ಬ ಆಟಗಾರನಿಗೆ ಮಿತಿಯ ಶೇ 20ಕ್ಕಿಂತ ಹೆಚ್ಚು ಕೊಡುವಂತಿಲ್ಲ. 23 ಆಟಗಾರರ ಪಟ್ಟಿ, ಒಟ್ಟು 50 ಒಪ್ಪಂದ, ಇವೂ ಮಿತಿಗಳೇ. ಎಡವುವುದು ಹೆಚ್ಚಾಗಿ ಹೀಗೆ: 28-29ರ ಆಟಗಾರ ಉತ್ತುಂಗದಲ್ಲಿದ್ದಾಗ ಉದ್ದದ ಒಪ್ಪಂದ ಬರೆದುಕೊಡುತ್ತಾರೆ, 33ಕ್ಕೆ ಕಾಲು ನಿಧಾನವಾಗುತ್ತದೆ, ಲೆಕ್ಕದಲ್ಲಿ ಮಾತ್ರ ಅದೇ ಮೊತ್ತ ಕೂತಿರುತ್ತದೆ.

ಐಸರ್ಮನ್ ಬರುವ ಮೊದಲೇ ಟ್ಯಾಂಪಾ ತಂಡ ನಾಯಕ ವಿನ್ಸೆಂಟ್ ಲೆಕಾವಲಿಯೆಗೆ 11 ವರ್ಷಕ್ಕೆ 8.5 ಕೋಟಿ ಡಾಲರ್ ಬರೆದುಕೊಟ್ಟಿತ್ತು. 2013ರಲ್ಲಿ ಲೀಗ್ ಒಂದು ವಿಶೇಷ ಬೈಔಟ್ ಅವಕಾಶ ಕೊಟ್ಟಿತು. ಹಣ ಕೊಟ್ಟು ಒಪ್ಪಂದ ಮುಗಿಸಬಹುದು, ಅದು ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ಉಳಿದಿದ್ದ 7 ವರ್ಷಗಳನ್ನು ಸುಮಾರು 3.27 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿ, 14 ವರ್ಷಗಳ ಕಂತಿಗೆ ಹಂಚಿದರು. ನಗರದ ಕಣ್ಮಣಿಯನ್ನು ಹೀಗೆ ಕಳಿಸುವುದು ಸಣ್ಣ ಮಾತಲ್ಲ. ಆದರೆ ಆ ಜಾಗ ತೆರವಾಗದೆ ಮುಂದಿನ ತಂಡ ಕಟ್ಟುವುದು ಬಹಳ ಕಷ್ಟವಾಗುತ್ತಿತ್ತು. 2016ರಲ್ಲಿ ತಂಡದ ಆಗಿನ ನಾಯಕ ಸ್ಟೀವನ್ ಸ್ಟ್ಯಾಮ್ಕೋಸ್ ವರ್ಷಕ್ಕೆ 85 ಲಕ್ಷ ಡಾಲರ್‌ನಂತೆ 8 ವರ್ಷಕ್ಕೆ ಸಹಿ ಹಾಕಿದರು. ಫ್ಲೋರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದಿರುವುದು ಇಂಥ ಮಾತುಕತೆಯಲ್ಲಿ ಟ್ಯಾಂಪಾಗೆ ಅನುಕೂಲವೇ.

ಮೂರನೆಯದು ಟ್ರೇಡ್, ಅಂದರೆ ತಂಡಗಳು ಆಟಗಾರರನ್ನೋ ಡ್ರಾಫ್ಟ್ ಸರದಿಗಳನ್ನೋ ಅದಲುಬದಲು ಮಾಡಿಕೊಳ್ಳುವುದು. ಅದರ ಬಗ್ಗೆ ಅಭಿಮಾನಿಗಳು ಆಡುವಷ್ಟು ಮಾತು ಬೇರೆ ಯಾವುದರ ಬಗ್ಗೆಯೂ ಇಲ್ಲ. ನನಗೆ ಕಂಡಂತೆ ಐಸರ್ಮನ್‌ರ ಜಾಣತನ ಕಾಯುವುದರಲ್ಲಿತ್ತು. 2013ರ ಡ್ರಾಫ್ಟ್‌ನ 3ನೇ ಆಯ್ಕೆ ಜೊನಾಥನ್ ಡ್ರೂಯೆನ್ 2016ರಲ್ಲಿ ಬೇರೆ ತಂಡಕ್ಕೆ ಕಳಿಸಿ ಎಂದು ಬಹಿರಂಗವಾಗಿ ಕೇಳಿದಾಗ ಅವರು ಬಗ್ಗಲಿಲ್ಲ. 2017ರಲ್ಲಿ, ಬೆಲೆ ಕುದುರಿದ ಮೇಲೆ, ಮಾಂಟ್ರಿಯಲ್‌ಗೆ ಕೊಟ್ಟು ಯುವ ಡಿಫೆನ್ಸ್‌ಮನ್ (ರಕ್ಷಣಾ ಆಟಗಾರ) ಮಿಖಾಯಿಲ್ ಸೆರ್ಗಚೆವ್‌ನನ್ನು ಪಡೆದರು. 2018ರ ಸೆಪ್ಟೆಂಬರ್‌ನಲ್ಲಿ ಐಸರ್ಮನ್ ಸ್ಥಾನ ಬಿಟ್ಟರು. 2020 ಮತ್ತು 2021ರಲ್ಲಿ ಟ್ಯಾಂಪಾ ಕಪ್ ಗೆದ್ದಾಗ ಸೆರ್ಗಚೆವ್ ತಂಡದಲ್ಲಿದ್ದ, ಜಿಎಂ ಮಾತ್ರ ಐಸರ್ಮನ್‌ರ ಸಹಾಯಕರಾಗಿದ್ದ ಜೂಲಿಯನ್ ಬ್ರಿಸ್‌ಬುವಾ. ಅವರು ವೃತ್ತಿಯಿಂದ ವಕೀಲರು, ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ.

2019ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ಗೇ ಮರಳಿದ ಐಸರ್ಮನ್‌ಗೆ ಅಲ್ಲಿ ಬುನಾದಿಯಿಂದ ಶುರು ಮಾಡಬೇಕಾಯಿತು. 2019-20ರಲ್ಲಿ 71 ಪಂದ್ಯದಲ್ಲಿ 17 ಗೆಲುವು, ಲೀಗ್‌ನಲ್ಲೇ ಕೊನೆಯ ಸ್ಥಾನ. ಕೊನೆಯಲ್ಲಿದ್ದವರಿಗೆ ಮೊದಲ ಆಯ್ಕೆ ಖಾತ್ರಿಯಲ್ಲ, ಲಾಟರಿ ಎತ್ತುತ್ತಾರೆ. ಆ ವರ್ಷ ಡೆಟ್ರಾಯಿಟ್ 4ನೇ ಸ್ಥಾನಕ್ಕೆ ಜಾರಿತು. ಮೊರಿಟ್ಸ್ ಸೈಡರ್, ಲ್ಯೂಕಸ್ ರೇಮಂಡ್ ತರಹದ ಒಳ್ಳೆಯ ಆಯ್ಕೆಗಳು ಬಂದರೂ 2016ರ ಬಳಿಕ 2025ರವರೆಗೆ ತಂಡ ಪ್ಲೇಆಫ್ ಕಾಣಲಿಲ್ಲ. ಲೆಕ್ಕ ತಪ್ಪಿದ್ದಕ್ಕೂ ಉದಾಹರಣೆ ಇದೆ. 2024ರ ಜೂನ್‌ನಲ್ಲಿ, ವರ್ಷಕ್ಕೆ 34 ಲಕ್ಷ ಡಾಲರ್‌ನ ಒಪ್ಪಂದ ಇನ್ನೂ 2 ಋತು ಉಳಿದಿದ್ದ ಡಿಫೆನ್ಸ್‌ಮನ್ ಜೇಕ್ ವಾಲ್ಮನ್‌ರನ್ನು ಮಿತಿಯಲ್ಲಿ ಜಾಗ ಮಾಡಿಕೊಳ್ಳಲು ಸ್ಯಾನ್ ಹೋಸೆಗೆ ಕೊಟ್ಟರು, ಮೇಲೆ ಡ್ರಾಫ್ಟ್‌ನ ಎರಡನೇ ಸುತ್ತಿನ ಒಂದು ಆಯ್ಕೆಯನ್ನೂ ಸೇರಿಸಿದರು. ಮರುವರ್ಷ ಮಾರ್ಚ್‌ನಲ್ಲಿ ಸ್ಯಾನ್ ಹೋಸೆ ಅದೇ ವಾಲ್ಮನ್‌ರನ್ನು ಎಡ್ಮಂಟನ್‌ಗೆ ಕೊಟ್ಟು ಮೊದಲ ಸುತ್ತಿನ ಆಯ್ಕೆಯನ್ನೇ ಪಡೆಯಿತು.