ಓದುಗರ ಪ್ರಶ್ನೆ: ಹೈಕೋರ್ಟ್‌ನಲ್ಲಿ ಸ್ಟೇ ಸಿಕ್ಕರೆ ಕೇಸ್ ಗೆದ್ದ ಹಾಗೇನಾ?

"ನಮ್ಮ ಮಾತೇ ಕೇಳದೆ ಹೈಕೋರ್ಟ್ ಒಂದೇ ದಿನದಲ್ಲಿ ಸ್ಟೇ ಕೊಟ್ಟಿದೆ. ಹಾಗಾದರೆ ನಾವು ಸೋತೆವಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಸೋತಿಲ್ಲ. ಸ್ಟೇ ಅಂದರೆ ತೀರ್ಪಲ್ಲ, ಸದ್ಯಕ್ಕೆ ಹಾಕಿದ ತಡೆ ಅಷ್ಟೇ. ನಾಳೆ ಬೆಳಿಗ್ಗೆ ಜೆಸಿಬಿ ಬಂದು ಒಬ್ಬರ ಮನೆ ಕೆಡವುತ್ತದೆ ಅನ್ನಿ. ಪೂರ್ತಿ ವಾದ ಕೇಳಿ ಮುಗಿಸುವಷ್ಟರಲ್ಲಿ ಮನೆಯೇ ಇರುವುದಿಲ್ಲ. ಆಮೇಲೆ ಗೆದ್ದು ಏನು ಪ್ರಯೋಜನ, ಅಲ್ವಾ? ಅದಕ್ಕೇ ನ್ಯಾಯಮೂರ್ತಿಗಳು ಸದ್ಯಕ್ಕೆ ಮೂರು ವಿಷಯ ನೋಡುತ್ತಾರೆ. ಮೇಲ್ನೋಟಕ್ಕೆ ಅರ್ಜಿಯಲ್ಲಿ ಹುರುಳಿದೆಯಾ? ತಡೆದರೆ ಯಾರಿಗೆ ತೊಂದರೆ ಜಾಸ್ತಿ, ತಡೆಯದಿದ್ದರೆ ಯಾರಿಗೆ? ಆಗುವ ನಷ್ಟವನ್ನು ಮುಂದೆ ದುಡ್ಡು ಕೊಟ್ಟು ತುಂಬಲು ಆಗುತ್ತದಾ?

ಸ್ಟೇ ಒಂದೇ ಅಲ್ಲ, ತುರ್ತು ಇದ್ದಾಗ ಕೋರ್ಟ್ ತೀರ್ಪಿಗೂ ಮೊದಲೇ ಬೇರೆ ಆದೇಶಗಳನ್ನೂ ಕೊಡುತ್ತದೆ. 2021ರ ಮೇ ತಿಂಗಳು ನೆನಪಿದೆಯಾ? ಚಾಮರಾಜನಗರದಲ್ಲಿ ಆಕ್ಸಿಜನ್ ಕೊರತೆಯಿಂದ ರೋಗಿಗಳು ಸತ್ತ ಸುದ್ದಿ ಬಂತು. ಅದೇ ವಾರ, ಮೇ 5ರಂದು, ರಾಜ್ಯಕ್ಕೆ ಕೊಡುವ ಆಕ್ಸಿಜನ್ನನ್ನು ದಿನಕ್ಕೆ 1,200 ಟನ್‌ಗೆ ಏರಿಸಿ ಎಂದು ಕರ್ನಾಟಕ ಹೈಕೋರ್ಟ್ ಕೇಂದ್ರಕ್ಕೆ ಹೇಳಿತು. ಕೇಂದ್ರ ಸುಪ್ರೀಂ ಕೋರ್ಟ್‌ಗೆ ಹೋಯಿತು. ಮೇ 7ರಂದು ಅಲ್ಲಿಯೂ ಆ ಆದೇಶ ಉಳಿಯಿತು. ವಾಯಿದೆ ಮೇಲೆ ವಾಯಿದೆ ಹಾಕುತ್ತಾ ಕೂರುವ ಹೊತ್ತು ಅದಾಗಿರಲಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಒಬ್ಬರ ಕಾಗದ ಮಾತ್ರ ನೋಡಿ ಆದೇಶ ಆದಾಗ, ಅವರು ಮುಚ್ಚಿಟ್ಟಿದ್ದು ಕೋರ್ಟಿಗೆ ಕಾಣುವುದಿಲ್ಲ. ಅಂಥ ಆದೇಶ ವರ್ಷಗಟ್ಟಲೆ ಎಳೆದರೆ ಅದು ಅನ್ಯಾಯವೇ. ಆರು ತಿಂಗಳಾದರೆ ಸ್ಟೇ ತಾನಾಗಿ ಬಿದ್ದುಹೋಗುತ್ತದೆ ಎಂದು ಈಗಲೂ ಎಷ್ಟೋ ಜನ ನಂಬಿಕೊಂಡಿದ್ದಾರೆ. 2018ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದ್ದು ನಿಜ. ಆದರೆ 2024ರ ಫೆಬ್ರವರಿಯಲ್ಲಿ ಐವರ ಪೀಠ ಅದನ್ನು ತೆಗೆದುಹಾಕಿತು.

ಹಾಗಾಗಿ ಸುಮ್ನೆ ಕಾಯಬೇಡಿ. ರಿಟ್ ಕೇಸಾದರೆ (ಅಂದರೆ ಸಾಮಾನ್ಯವಾಗಿ ಸರ್ಕಾರ ಅಥವಾ ಅಧಿಕಾರಿಗಳ ಕ್ರಮದ ವಿರುದ್ಧ ನೇರವಾಗಿ ಹೈಕೋರ್ಟ್‌ಗೆ ಹಾಕುವ ಅರ್ಜಿ) ಸಂವಿಧಾನದ 226(3)ನೇ ವಿಧಿ ನಿಮ್ಮ ಕಡೆಗಿದೆ. ಅರ್ಜಿಯ ಪ್ರತಿ ಕೊಡದೆ, ನಿಮ್ಮ ಮಾತು ಕೇಳದೆ ಸ್ಟೇ ಆಗಿದ್ದರೆ, ತೆರವು ಮಾಡಿ ಎಂದು ಅರ್ಜಿ ಹಾಕಿ. ಅದರ ಪ್ರತಿಯನ್ನು ಎದುರಿನವರಿಗೂ ಕೊಡಿ. ಹೈಕೋರ್ಟ್ ಅದನ್ನು ಎರಡು ವಾರದಲ್ಲಿ ತೀರ್ಮಾನಿಸಬೇಕು. ಇಲ್ಲದಿದ್ದರೆ ಸ್ಟೇ ತೆರವಾಗುತ್ತದೆ ಎಂದೇ ಆ ವಿಧಿ ಹೇಳುತ್ತದೆ.

ಎದುರಿನವರು ಇನ್ನೂ ಕೇಸ್ ಹಾಕಿಲ್ಲ, ಹಾಕುವ ಸುಳಿವಿದೆ ಅಂದರೆ ಕೇವಿಯಟ್ (ನಮಗೆ ತಿಳಿಸದೆ ಆದೇಶ ಮಾಡಬೇಡಿ ಎಂದು ಕೋರ್ಟಿಗೆ ಮೊದಲೇ ಕೊಡುವ ಅರ್ಜಿ) ಸಲ್ಲಿಸಿಡಿ. ಆಗ ನಿಮಗೆ ತಿಳಿಸದೆ ಆದೇಶ ಆಗುವುದು ತಪ್ಪುತ್ತದೆ. ಅದು 90 ದಿನ ಮಾತ್ರ ಇರುತ್ತದೆ, ಮುಗಿಯುವ ಮೊದಲೇ ಹೊಸದು ಹಾಕಿ.