ಬದಲಾವಣೆ, ಮಾರ್ಪಾಡು, ಪರಿವರ್ತನೆ: ಎಲ್ಲಾ ಒಂದೇನಾ?

ಪ್ರಶ್ನೆ: ಮಗಳಿಗೆ ಶಾಲೆಯಲ್ಲಿ ‘ಬದಲಾವಣೆ’ಗೆ ಸಮಾನಾರ್ಥಕ ಪದ ಬರೆದುಕೊಂಡು ಬರಲು ಹೇಳಿದ್ದಾರೆ. ಹುಡುಕಿದರೆ ಮಾರ್ಪಾಡು, ಪರಿವರ್ತನೆ, ಪಲ್ಲಟ, ವ್ಯತ್ಯಾಸ, ವಿಪರ್ಯಾಸ ಅಂತ ಸಾಲಾಗಿ ಸಿಗುತ್ತವೆ. ಇವೆಲ್ಲಾ ಒಂದೇ ಅಲ್ವಾ? ಒಂದರ ಜಾಗದಲ್ಲಿ ಇನ್ನೊಂದು ಬರೆದರೆ ತಪ್ಪಾಗುತ್ತಾ?
(ಹಾವೇರಿಯ ಓದುಗರೊಬ್ಬರು)

ಪರೀಕ್ಷೆಯಲ್ಲಿ ಇವುಗಳಲ್ಲಿ ಕೆಲವಕ್ಕೆ ಅಂಕ ಸಿಕ್ಕೀತು. ಆದರೆ ಮಾತಿನಲ್ಲಿ ಒಂದನ್ನು ಎಬ್ಬಿಸಿ ಇನ್ನೊಂದನ್ನು ಕೂರಿಸಲು ಆಗುವುದಿಲ್ಲ. ಯಾವ ಪದ ಎಲ್ಲಿಗೆ ಅಂತ ಗೊತ್ತಾಗಲು ಒಂದೇ ಪ್ರಶ್ನೆ ಸಾಕು: ಮೊದಲಿದ್ದದ್ದು ಏನಾಯಿತು? ಹೋಯಿತಾ, ಉಳಿಯಿತಾ, ಬೇರೇನೋ ಆಯಿತಾ, ಇಲ್ಲಾ ಸುಮ್ನೆ ಮಗ್ಗುಲು ಹೊರಳಿತಾ?

ಹಂಚಿನ ಮೇಲಿನ ಜೋಳದ ರೊಟ್ಟಿ ನೋಡಿ. ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ನೀರು ಆರಿದ ಕೂಡಲೇ ‘ಹೊಳ್ಳಿ ಹಾಕು’ ಅನ್ನುತ್ತಾರೆ, ಅಂದರೆ ಮಗುಚಿ ಹಾಕು ಅಂತ. ‘ರೊಟ್ಟಿ ಬದಲಿಸು’ ಅಂದರೆ ಅರ್ಥವೇ ಬೇರೆ: ಇದು ಸೀದಿದೆ, ತೆಗೆದು ಬೇರೆ ಕೊಡು ಅಂತ. ‘ಬದಲು’ ಪದದೊಳಗೇ ಒಂದು ಹೋಗಿ ಇನ್ನೊಂದು ಬರುವ ಲೆಕ್ಕ ಇದೆ. ಮೂಲ ಅರಬ್ಬಿಯದು, ಉರ್ದು-ಮರಾಠಿಯಲ್ಲೂ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ ನೌಕರರಿಗೆ ‘ಬದ್ಲಿ’ ಆಗುತ್ತದೆ. ವರ್ಗಾವಣೆ ಆಗುವುದು ಆದೇಶದ ಕಾಗದದಲ್ಲಿ ಮಾತ್ರ.

ಬದಲಾವಣೆಗೂ ಪರಿವರ್ತನೆಗೂ ಇರುವ ಫರಕು ಹೊಲದ ಕಾಗದಪತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಅಪ್ಪ ತೀರಿಕೊಂಡ ಮೇಲೆ ಉತಾರದಲ್ಲಿ (ಪಹಣಿಯಲ್ಲಿ) ಮಕ್ಕಳ ಹೆಸರು ಬರುವುದು ‘ಹಕ್ಕು ಬದಲಾವಣೆ’. ಹೊಲ ಅದೇ, ಒಡೆಯ ಬೇರೆ. ಅದೇ ಹೊಲವನ್ನು ಪ್ಲಾಟ್ ಮಾಡಲು ಹೊರಟರೆ ಬೇಕಾಗುವುದು ‘ಭೂ ಪರಿವರ್ತನೆ’. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ವಿಷಯ. ಇಲ್ಲಿ ಒಡೆಯ ಅವನೇ ಇರುತ್ತಾನೆ, ಹೊಲ ಹೊಲವಾಗಿ ಉಳಿಯುವುದಿಲ್ಲ. (ನಮ್ಮ ಕಡೆ ಭೂ ಪರಿವರ್ತನೆ ಅಂತ ಬಾಯಿಬಿಟ್ಟು ಹೇಳುವವರು ಕಡಿಮೆ. ‘ಎನ್‌ಎ ಆಗೇತೇನ್ರಿ?’ ಅಂತಲೇ ಕೇಳುವುದು. ಎನ್‌ಎ ಅಂದರೆ ನಾನ್ ಅಗ್ರಿಕಲ್ಚರಲ್, ಕೃಷಿಯೇತರ.) 1990ರ ದಶಕದಲ್ಲಿ ಹುಬ್ಬಳ್ಳಿಯ ಮೀಟರ್ ಗೇಜ್ ಹಳಿಗಳು ಬ್ರಾಡ್ ಗೇಜ್ ಆದಾಗಲೂ ಅದು ‘ಗೇಜ್ ಪರಿವರ್ತನೆ’ಯೇ.

ಮಾರ್ಪಾಡು ಅಷ್ಟು ದೊಡ್ಡದಲ್ಲ. ಇರುವುದನ್ನೇ ಇಟ್ಟುಕೊಂಡು ಅಲ್ಲಿಷ್ಟು ಇಲ್ಲಿಷ್ಟು ಹೊಂದಿಸುವುದು. ಬಸ್ ವೇಳಾಪಟ್ಟಿಯಲ್ಲಿ ಮಾರ್ಪಾಡು, ಮನೆ ನಕ್ಷೆಯಲ್ಲಿ ಮಾರ್ಪಾಡು. ತಪ್ಪನ್ನು ಸರಿಮಾಡಿದರೆ, ಇಲ್ಲಾ ಕಾನೂನನ್ನು ಮುಟ್ಟಿದರೆ, ತಿದ್ದುಪಡಿ. 2014ರ ನವೆಂಬರ್ 1ರಂದು ಹುಬ್ಬಳ್ಳಿಯ ಹೆಸರು ‘ಬದಲಾಯಿತು’ ಅನ್ನುತ್ತಾರಲ್ಲ, ನನ್ನ ಪ್ರಕಾರ ಅದೂ ತಿದ್ದುಪಡಿಯೇ. ಕನ್ನಡದಲ್ಲಿ ಬರೆಯುವಾಗ ಅದು ಮೊದಲೂ ಹುಬ್ಬಳ್ಳಿಯೇ ಆಗಿತ್ತು. ಸರಿಮಾಡಿದ್ದು ಇಂಗ್ಲಿಷ್ ಕಾಗುಣಿತವನ್ನು.

ಪಲ್ಲಟ ಅಂದರೆ ಜಾಗ ಬಿಟ್ಟು ಸರಿಯುವುದು: ಸ್ಥಾನಪಲ್ಲಟ, ಅಕ್ಷರಪಲ್ಲಟ. ಭಾಷಣದ ಹೊರಗೆ ಜಾಸ್ತಿ ಸಿಗುವುದಿಲ್ಲ. ವ್ಯತ್ಯಾಸ ಈಗಿನ ಬಳಕೆಯಲ್ಲಿ ಎರಡರ ನಡುವಿನ ಅಂತರ.

ಇನ್ನು ತಿರುಗುವ ಪದಗಳು. ಇಲ್ಲಿ ನಮ್ಮ ಸೀಮೆಯ ಆಡುಮಾತಿನ ಮುಂದೆ ನಿಘಂಟು ಬಡವ. ರೊಟ್ಟಿಯ ‘ಹೊಳ್ಳಿ’ ಅನ್ನುವುದು ‘ಹೊರಳಿ’ಯೇ. ಬೆರಳು ಬಳ್ಳಾಯಿತು, ಪಂಚಮಿಯ ಅರಳು ಅಳ್ಳಾಯಿತು, ಹಾಗೇ ಇದೂ. ಹೊಳ್ಳಿ ನೋಡಿದ, ಹೊಳ್ಳಿ ಬಂದ, ಎರಡಕ್ಕೂ ಇದೇ ಸಾಕು. ‘ಮರಳಿ’ಯೂ ‘ಮಳ್ಳಿ’ಯಾಗಿ ಜೊತೆಗೂಡಿದರೆ ‘ಹೊಳ್ಳಿ ಮಳ್ಳಿ ಅದ ಮಾತು’. ಹೇಳಿದ್ದನ್ನೇ ಹೇಳುವವರು ಎಲ್ಲರ ಮನೆಯಲ್ಲೂ ಇರುತ್ತಾರೆ, ಹಾಗಾಗಿ ಈ ಮಾತು ಸವೆಯುವುದಿಲ್ಲ.

ಅಂಗಿಯ ಒಳಮೈ ಹೊರಗೆ ಬಂದರೆ ‘ತಿರಗಾ ಮುರಗಾ’. ಬೆಂಗಳೂರಿನವರು ಉಲ್ಟಾ ಅಂದು ಮುಗಿಸುತ್ತಾರೆ. ತೊಳೆದ ತಂಬಿಗೆಯನ್ನು ನೀರಿಳಿಯಲಿ ಅಂತ ಬಾಯಿ ಕೆಳಗೆ ಮಾಡಿ ಇಟ್ಟರೆ ‘ಡಬ್ಬ ಹಾಕುವುದು’. ಹತ್ತಿ ಹೇರಿದ ಟ್ರ್ಯಾಕ್ಟರ್ ರಸ್ತೆ ಬದಿಗೆ ಉರುಳಿದರೆ ‘ಪಲ್ಟಿ’. ತಂಬಿಗೆಯನ್ನು ಬೇಕಂತಲೇ ತಿರುಗಿಸಿದ್ದು, ಟ್ರ್ಯಾಕ್ಟರನ್ನು ಯಾರೂ ಬೇಕಂತ ಬೀಳಿಸಲಿಲ್ಲ. ಅದಕ್ಕೇ ಟ್ರ್ಯಾಕ್ಟರ್ ಡಬ್ಬ ಹಾಕಿದರು ಅಂದರೆ ಕೇಳಿದವರು ನಗುತ್ತಾರೆ.

ತಲೆಕೆಳಗು, ಬುಡಮೇಲು ಎರಡನ್ನೂ ಪತ್ರಿಕೆಗಳು ಬೇಕಾಬಿಟ್ಟಿ ಬಳಸುತ್ತವೆ. ತಲೆಕೆಳಗಾದದ್ದನ್ನು ಮತ್ತೆ ನೆಟ್ಟಗೆ ನಿಲ್ಲಿಸಬಹುದು. ಬುಡ ಮೇಲೆ ಬಂದ ಮರ ಹೋದ ಹಾಗೇ. ಮಳೆ ಕೈಕೊಟ್ಟರೆ ರೈತನ ಲೆಕ್ಕಾಚಾರ ತಲೆಕೆಳಗಾಗುತ್ತದೆ, ಸರಕಾರವನ್ನು ಬುಡಮೇಲು ಮಾಡುತ್ತಾರೆ.

ಉಳಿದದ್ದು ವಿಪರ್ಯಾಸ. ಸಂಸ್ಕೃತದಲ್ಲಿ ಅದರ ಅರ್ಥ ತಿರುವುಮುರುವು. ಕನ್ನಡದಲ್ಲಿ, ಆಗಬೇಕಾದದ್ದಕ್ಕೆ ಉಲ್ಟಾ ಆದಾಗ ಬಳಸುತ್ತೇವೆ: ಮಲಪ್ರಭೆ ತುಂಬಿ ಹರಿಯುತ್ತಿದ್ದರೂ ದಂಡೆಯ ಊರಿನ ನಲ್ಲಿಯಲ್ಲಿ ನೀರಿಲ್ಲದಿದ್ದರೆ ಅದು ವಿಪರ್ಯಾಸ. ಬಸ್ ತಡವಾದದ್ದಕ್ಕೂ, ಯಾರೋ ತೀರಿಕೊಂಡದ್ದಕ್ಕೂ ‘ವಿಪರ್ಯಾಸವೇ ಸರಿ’ ಅನ್ನುವುದು ಮಾತ್ರ ನನಗೆ ಹಿಡಿಸುವುದಿಲ್ಲ. ಮೊದಲನೆಯದು ಕಿರಿಕಿರಿ, ಎರಡನೆಯದು ದುಃಖ. ಎರಡರಲ್ಲೂ ಏನೂ ತಿರುಗಿಲ್ಲ. ಬದಲಾವಣೆಯ ಸಮಾನಾರ್ಥಕ ಅಂತ ಮಗಳಿಂದ ಮಾರ್ಪಾಡು ಬರೆಸಿ, ಪರಿವರ್ತನೆ ಬರೆಸಿ, ವಿಪರ್ಯಾಸವನ್ನು ಮಾತ್ರ ಬರೆಸಬೇಡಿ.